ಹಂದಿ ಕಂಡು ಹೇಸಿದ ದಿನ

ನಗರದಂಚಿನ ಖರಾಡಿ ಬಡಾವಣೆಯ ಹಿಂದೆ, ನದಿಗೆ ಹತ್ತಿದ ಜೌಗಿನಲ್ಲಿ, ಕಲಬುರಗಿ ಕಡೆಯಿಂದ ಹೊಟ್ಟೆಪಾಡಿಗೆ ಬಂದ ನಾವು ಐದು ಮನೆಯವರು ಕೆಸುವಿನ ಎಲೆ ಬೆಳೆಯುತ್ತಿದ್ದೆವು. ಎಲೆ ಮಾರ್ಕೆಟ್ ಯಾರ್ಡಿಗೆ ಹೋಗುತ್ತಿತ್ತು. ಯಾವ ತುಂಡು ಯಾರಿಗೆಂದು ನಾವೇ ಕೂತು ಹಂಚಿಕೊಂಡಿದ್ದೆವು. ಐದು ತುಂಡು ನೆಲದ ನೀರು ಹೊರಹೋಗಲು ಇದ್ದದ್ದು ಒಂದೇ ಕಾಲುವೆ. ಅದರ ಕೊನೆಗೆ ಸಿಮೆಂಟ್ ಪೈಪು, ಪೈಪಿನ ಬಾಯಿಗೆ ನನ್ನ ಅಕ್ಕನ ತುಂಡು. ಅಪಾರ್ಟ್‌ಮೆಂಟುಗಳ ಸಂಡಾಸಿನ ನೀರೂ ಅದೇ ಕಾಲುವೆಗೆ ಬರುತ್ತಿತ್ತು, ಕಪ್ಪಗೆ, ನೊರೆ ನೊರೆಯಾಗಿ.

ಆ ನೀರಿನ ಮೇಲೆ ಜಲಪರ್ಣಿ ಎಂಬ ಕಳೆ ಹಬ್ಬುತ್ತಿತ್ತು. ಅದನ್ನು ತೆಗೆಯಲು ವಾರಕ್ಕೊಂದು ಮನೆಯ ಪಾಳಿ. ಪಾಳಿಯವನು ನೀರಿಗಿಳಿದು ಕಳೆಯನ್ನು ಎಳೆದು ದಂಡೆಯ ಮೇಲೆ ಗುಡ್ಡೆ ಹಾಕಬೇಕು. ಹಸಿ ಗುಡ್ಡೆ ಕಂಡರೆ ಕೆಲಸ ಆದ ಹಾಗೆ. ಆ ವಾಸನೆಗೆ ಯಾರೂ ಕಾಲುವೆಗೆ ಬಗ್ಗಿ ನೋಡುತ್ತಿರಲಿಲ್ಲ.

ನನ್ನ ಪಾಳಿಯ ದಿನ ಕಳೆಯ ನಡುವೆ ಸತ್ತ ಹಂದಿಯೊಂದು ಉಬ್ಬಿ ತೇಲುತ್ತಿತ್ತು. ಇಳಿಯಲು ಹೇಸಿದೆ. ದಂಡೆಯಲ್ಲೇ ನಿಂತು, ಬಿದಿರಿನ ಗಳದಿಂದ ಕಳೆಯನ್ನೂ ಹಂದಿಯನ್ನೂ ಪೈಪಿನ ಕಡೆಗೆ ತಳ್ಳಿದೆ. ಹೋದ ವಾರದ ಗುಡ್ಡೆಯನ್ನು ಮಗುಚಿ, ಅದರ ಮೇಲೆ ಎರಡು ಕೊಡ ನೀರು ಸುರಿದೆ.

ಮರುದಿನ ಮಳೆ ಸುರಿಯಿತು. ಪೈಪು ಕಟ್ಟಿಕೊಂಡಿತು. ಹೊಲಸು ಹಿಂದಕ್ಕೆ ಹೊರಳಿ ಅಕ್ಕನ ತುಂಡಿನ ಮೇಲೆ ನಿಂತಿತು. ಮೂರು ದಿನಕ್ಕೆ ಅವಳ ಎಲೆಗಳೆಲ್ಲ ಕೊಳೆತು ಲೋಳೆಯಾದವು.

ಎಲ್ಲರೂ ದಂಡೆಗೆ ಸೇರಿ, ಪೈಪಿನ ಬಾಯಿಂದ ಹಂದಿಯನ್ನು ಎಳೆದು ತೆಗೆದರು. ನಮ್ಮಲ್ಲಿ ಹಿರಿಯನಾದ ಮೇಲಿನ ತುಂಡಿನವನು ಅಕ್ಕನನ್ನೇ ಹಿಡಿದ. "ಪೈಪಿನ ಬಾಯಿ ನಿನ್ನ ಕಡೆ ಅದ. ನೋಡ್ಕೊಳ್ಳೂದು ಬ್ಯಾಡೇನವಾ?"

"ಪಾಳಿ ನನ್ನ ತಮ್ಮಂದಿತ್ರಿ ಕಾಕಾ. ಗುಡ್ಡಿ ನೋಡ್ರಿ, ಇನ್ನಾ ಹಸಿ ಅದ. ಅಂವ ತಪ್ಪಿಸಾಂವಲ್ಲ."

"ಹಂಗಾರ ಹಂದಿ ತಾನ ನಡ್ಕೋತ ನಿನ್ನ ಮನಿಗಿ ಬೀಗತನಕ್ಕ ಬಂತೇನು?"

ಎಲ್ಲರೂ ನಕ್ಕರು. ನಾನೂ ನಕ್ಕೆ.

ಪೈಪಿನ ಬಾಯಿ ಕಾಯುವುದು ಒಂಟಿ ಹೆಂಗಸಿನ ಕೈಲಾಗದ ಕೆಲಸವೆಂದು ಅಂದೇ ತೀರ್ಮಾನವಾಯಿತು. ಅವಳ ತುಂಡು ಹಿರಿಯನ ಅಳಿಯನಿಗೆ ಹೋಯಿತು. ಅಕ್ಕ ನಗರದ ಇನ್ನೊಂದು ತುದಿಯ ವಾಕಡದ ಹೋಟೆಲೊಂದರಲ್ಲಿ ಪಾತ್ರೆ ತಿಕ್ಕಲು ಸೇರಿದಳು.

ದೀಪಾವಳಿ ಕಳೆದ ಮೇಲೆ ಅಲ್ಲಿಗೆ ಹೋಗಿ, ಹಿಂಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿದೆ. ಅವಳು ಪಾತ್ರೆ ತಿಕ್ಕುತ್ತಲೇ ಕೇಳಿದಳು.

"ಹೇಸಿಗಿ ಬಂದ್ರ ನನ್ನ ಕರೀಬೇಕಿತ್ತಲ್ಲೋ ತಮ್ಮಾ. ಇಬ್ರೂ ಕೂಡಿ ಎಳೀತಿದ್ವಿ." ಆಮೇಲೆ ಕೈ ನಿಲ್ಲಿಸಿ ಕೇಳಿದಳು. "ಇದನ್ನ ಅವರ ಮುಂದ ಹೇಳೀಯೇನು?"

"ಇಲ್ಲ."

"ಹೇಳಿ ಬಾ. ಅಲ್ಲೀತನಕಾ ಬರಬ್ಯಾಡ."

ಹೇಳಿದರೆ ನನ್ನ ತುಂಡೂ ಹೋಗುತ್ತದೆ. ಆಮೇಲೆ ನನ್ನ ಪಾಳಿ ಮೂರು ಸಲ ಬಂದು ಹೋಯಿತು. ಮೂರು ಸಲವೂ ಸೊಂಟಮಟ್ಟ ಇಳಿದು, ಒಂದು ಬೇರೂ ಬಿಡದೆ ಎಳೆದು ಹಾಕಿದ್ದೇನೆ. ಬಾಯಿ ಮಾತ್ರ ಇನ್ನೂ ಬಿಟ್ಟಿಲ್ಲ.