ನೆಲ್ಲಿನ ಗದ್ದೆಯಲ್ಲಿ ಹಿಡಿದ ಕೆಂಪು ಮುಗಿಲು

"ಲೇ ದುರುಗ್ಯಾ, ಒಡ್ಡಿನ ಮ್ಯಾಲಿಂದ ಇಳೀಲೇ! ಬಿದ್ರ ನೀನೂ ಹೋಗ್ತಿ, ಫೋನೂ ಹೋಗ್ತದ!"

ನರಸಮ್ಮತ್ತಿ ಕೆಸರಿನಲ್ಲಿ ಬಗ್ಗಿಕೊಂಡೇ ಕೂಗುತ್ತಿದ್ದಳು. ನಾನು ಇಳಿಯಲಿಲ್ಲ. ಪೋತ್ನಾಳದ ಆಚೆ, ಗದ್ದೆಯಲ್ಲಿ ನಿಂತ ನೀರಿನೊಳಗೆ ಮುಗಿಲು ಪೂರ್ತಿ ಬಿದ್ದಿತ್ತು. ಮೇಲೆ ಕರಿ ಮೋಡ. ಅದರ ಅಡಿಯಲ್ಲಿ ಒಂದು ಗೇಣು ಜಾಗ, ಅಲ್ಲಿ ಒಲೆಯ ಕೆಂಡದಂಥ ಕೆಂಪು. ನಡುವೆ ಹನ್ನೆರಡು ಜನ ಹೆಂಗಸರು ಬಗ್ಗಿ ನೆಲ್ಲಿನ ಸಸಿ ಹಚ್ಚುತ್ತಿದ್ದರು. ಅವರೆಲ್ಲ ಕಪ್ಪಗೆ ಕಾಣುತ್ತಿದ್ದರು. ಫೋನಿನಲ್ಲಿ ಫೋಟೋ ಒತ್ತಿದೆ, ಒತ್ತಿದೆ, ಒತ್ತುತ್ತಲೇ ಇದ್ದೆ.

ಆಗ ಆ ಹನ್ನೆರಡು ಜನಕ್ಕೆ ಸೇರಿ ಇದ್ದದ್ದು ಒಂದೇ ಟಚ್ ಫೋನು. ಅದು ನಮ್ಮ ಅವ್ವ ಹುಲಿಗೆಮ್ಮನ ಕೈಯಲ್ಲಿತ್ತು. ಗುಂಪಿಗೆ ಅವಳೇ ಮುಂದಾಳು. ರಾಯಚೂರಿನ ಅಕ್ಕಿ ಮಿಲ್ಲಿನಲ್ಲಿ ತೂಕ ಮಾಡುವ ತಿಮ್ಮಪ್ಪ ಮಾಮಾ ತನ್ನ ಹಳೆಯ ಫೋನನ್ನು ಅವಳಿಗೆ ಕೊಟ್ಟಿದ್ದ. ಬ್ಯಾಟರಿ ಅರ್ಧ ಸತ್ತಿತ್ತು. ಹೊತ್ತು ಮುಳುಗಿದ ಮೇಲೆ ಸಾವ್ಕಾರರು ಫೋನು ಮಾಡಿ "ನಾಳಿ ಬರ್ರಿ" ಅಂದರೆ ಮಾತ್ರ ಮರುದಿನ ಕೆಲಸ. ಫೋನು ಹತ್ತದಿದ್ದರೆ ಅವರು ಬೇರೆ ಗುಂಪಿಗೆ ಮಾಡುತ್ತಿದ್ದರು. ಯಾರೂ ಎರಡನೆಯ ಸಲ ಕಾಯುತ್ತಿರಲಿಲ್ಲ.

ನಾನು ಆರನೆಯ ತರಗತಿ. ಸಾಲಿ ಬಿಟ್ಟ ಕೂಡಲೇ ಉಳಿದ ಹುಡುಗರು ಗೋಲಿ ಆಡಲು ಕೂತರೆ ನಾನು ಗದ್ದೆಗೆ ಓಡುತ್ತಿದ್ದೆ. ಅವ್ವ ಬುಟ್ಟಿಯಲ್ಲಿ ಅರ್ಧ ರೊಟ್ಟಿ, ಪುಂಡಿಪಲ್ಯ ಉಳಿಸಿಟ್ಟಿರುತ್ತಿದ್ದಳು. ತಿಂದು, ಕೈಯನ್ನು ಚಡ್ಡಿಗೆ ಒರೆಸಿಕೊಂಡು ಫೋನು ಎತ್ತಿಕೊಳ್ಳುತ್ತಿದ್ದೆ. ಆಷಾಢ, ಶ್ರಾವಣದ ಮುಗಿಲು ದಿನಕ್ಕೊಂದು ಥರ. ಅದನ್ನು ಹಿಡಿಯುವ ಹುಚ್ಚು ನನಗೆ ಹೇಗೆ ಹತ್ತಿತೋ ಗೊತ್ತಿಲ್ಲ. ಯಾರೂ ಕಲಿಸಲಿಲ್ಲ.

ಅವತ್ತು ಕೆಂಪು ಆರುವ ಮೊದಲೇ ಫೋನು ಆರಿತು. ನಾನು ಬಾಯಿ ಬಿಡಲಿಲ್ಲ. ಸುಮ್ಮನೆ ಬುಟ್ಟಿಯಲ್ಲಿ ರೊಟ್ಟಿ ಬಟ್ಟೆಯ ಕೆಳಗೆ ಇಟ್ಟೆ. ಅವ್ವ ದಣಿದಿದ್ದಳು, ನೋಡಲಿಲ್ಲ.

ಬೆಳಿಗ್ಗೆ ಹನ್ನೆರಡೂ ಜನ ರೊಟ್ಟಿ ಕಟ್ಟಿಕೊಂಡು ರಸ್ತೆಯ ಬದಿಗೆ ಬಂದು ಕೂತರು, ನಾನೂ ಅವ್ವನ ಹಿಂದೆ ಬಂದಿದ್ದೆ. ಹಿಂದಿನ ದಿನದ ಸಾವ್ಕಾರನದೇ ಇನ್ನೊಂದು ಗದ್ದೆ ಬಾಕಿ ಇತ್ತು, ಫೋನು ಬರದಿದ್ದರೂ ಕರೆದೇ ಕರೆಯುತ್ತಾನೆ ಎಂದು ಎಲ್ಲರ ನಂಬಿಕೆ. ಅವನ ಟ್ರ್ಯಾಕ್ಟರ್ ಬಂತು. ನಿಲ್ಲಲಿಲ್ಲ. ಹಿಂದೆ ಟ್ರಾಲಿಯಲ್ಲಿ ಬೇರೆ ಊರಿನ ಹೆಂಗಸರು ಕೂತಿದ್ದರು. ಡ್ರೈವರ್ ಕೂಗಿ ಹೇಳಿದ:

"ಹುಲಿಗೆಮ್ಮ, ಸಾವ್ಕಾರ ನಾಕು ಸಲ ಫೋನ್ ಹಚ್ಚ್ಯಾನ! ಬಂದ್ ಇಟ್ಕೊಂಡು ಮಕ್ಕೊಂಡೀಯೇನು?"

ಅವ್ವ ಫೋನು ತೆಗೆದು ಒತ್ತಿದಳು. ಹತ್ತಲಿಲ್ಲ. ನನ್ನ ಕಡೆ ನೋಡಿದಳು. ಆ ನೋಟಕ್ಕೇ ನಾನು ಎಲ್ಲ ಒಪ್ಪಿಕೊಂಡೆ.

"ಮುಗಿಲಿನ ಫೋಟೋ ತೆಗ್ಯಾಕತ್ತಿದ್ದೆ."

"ಮುಗಿಲು ತಿಂತೀಯೇನಲೇ?" ನರಸಮ್ಮತ್ತಿ ಎದ್ದು ನಿಂತಳು. "ಹುಲಿಗೆಮ್ಮ, ಸಿಟ್ಟಾಗಬ್ಯಾಡ. ನಿನ್ನ ಮಗನ ಆಟಕ್ಕ ನಮ್ಮ ಒಲಿ ಆರಬೇಕೇನು? ಹಿಂಗಾದ್ರ ನಾವು ಆ ಗುಂಪಿಗೇ ಹೋಗ್ತೀವಿ ನೋಡು."

ಇಬ್ಬರು ಮೂವರು ತಲೆ ಆಡಿಸಿದರು. ಎಂಟು ವರ್ಷ ಅವ್ವ ಕಟ್ಟಿದ ಗುಂಪು ಅದು. ನನ್ನ ಬೆನ್ನಿಗೆ ಅವಳದೊಂದು ಗುದ್ದು ಬಿತ್ತು, ಅದು ಲೆಕ್ಕಕ್ಕಿಲ್ಲ. ತಲೆ ಆಡಿಸಿದವರ ಮುಖವನ್ನು ಅವಳು ಒಂದೊಂದಾಗಿ ನೋಡಿದ್ದೇ ನನಗೆ ಹೆಚ್ಚು ಚುಚ್ಚಿತು.

ಪೋತ್ನಾಳದ ಚಹಾ ಅಂಗಡಿಯಲ್ಲಿ ಫೋನು ಚಾರ್ಜಿಗೆ ಹಾಕಿದರು. ಕೆಲಸವಿಲ್ಲದ ಹೆಂಗಸರೆಲ್ಲ ಅಲ್ಲೇ ಕೂತರು. ಎಣ್ಣೆಯಲ್ಲಿ ಮಿರ್ಚಿ ಕರಿಯುವ ವಾಸನೆ ಬರುತ್ತಿತ್ತು, ಯಾರೂ ಕೊಳ್ಳಲಿಲ್ಲ. ಫೋನು ಹತ್ತಿದ ಕೂಡಲೇ ಅವ್ವ ಫೋಟೋಗಳನ್ನು ಅಳಿಸಲು ಹೊರಟಳು. ನರಸಮ್ಮತ್ತಿ ಕಸಿದುಕೊಂಡಳು.

"ತಡಿ, ಏನ್ ಕಿಸದಾನ ನೋಡೋಣು. ಅಯ್ಯ, ಎಲ್ಲಾರೂ ಕಾಗಿ ಕಂಡಂಗ ಕಾಣ್ತೀವಲ್ಲ! ಈ ಅಡ್ಡಡ್ಡ ಬೆಳದಾಕಿ ಯಾರು?"

"ನೀನಾ ಬೇ ಅತ್ತಿ," ಅಂದೆ.

ಎಲ್ಲರೂ ನಕ್ಕರು. ಒಬ್ಬರ ಕೈಯಿಂದ ಒಬ್ಬರಿಗೆ ಫೋನು ಹೋಯಿತು. ಸೆರಗು ಸಿಗಿಸಿದ ರೀತಿ ನೋಡಿ ಒಬ್ಬೊಬ್ಬಳು ತನ್ನನ್ನು ಹುಡುಕಿಕೊಂಡಳು. ಕೊನೆಗೆ ಅವ್ವನ ಕೈಗೆ ಬಂತು. ಅವಳು ಜನರನ್ನು ನೋಡಲಿಲ್ಲ. ಸಾಲು ನೋಡಿದಳು. ಹೊತ್ತು ಇಳಿದಿದ್ದರಿಂದ ನೀರು ಕೆಂಪು, ಸಸಿ ಕಪ್ಪು. ಸಾಲುಗಳು ದಾರ ಹಿಡಿದು ಎಳೆದಂತೆ ಆ ತುದಿಯವರೆಗೆ ಹೋಗಿದ್ದವು. ಬಗ್ಗಿ ಹಿಂದಕ್ಕೆ ಸರಿಯುವವರಿಗೆ ಕಾಣುವುದು ತಮ್ಮ ಕೈ ಮಾತ್ರ. ತಮ್ಮ ಕೆಲಸವನ್ನು ಅವರು ಹೀಗೆ ಎಂದೂ ನೋಡಿರಲಿಲ್ಲ.

"ಇದನ್ನ ನಿಮ್ಮ ಮಾಮಾಗ ಕಳ್ಸು," ಅಂದಳು ಅವ್ವ. "ಮಿಲ್ಲಿಗೆ ಬರೋ ಸಾವ್ಕಾರಗೋಳಿಗೆ ತೋರಸಂತ ಹೇಳು. ಇದು ಹುಲಿಗೆಮ್ಮನ ಗುಂಪಿನ ಸಾಲು ಅಂತ ಹೇಳು."

ಕಳಿಸಿದೆ. ಎರಡು ದಿನ ಫೋನು ಬರಲಿಲ್ಲ. ನಾನು ಅದನ್ನು ಮುಟ್ಟಲೂ ಇಲ್ಲ. ಮೂರನೆಯ ಸಂಜೆ ದೇವದುರ್ಗದ ಕಡೆಯ ಒಬ್ಬ ಸಾವ್ಕಾರ ಮಾಡಿದ. ಅವ್ವ ಸ್ಪೀಕರ್ ಹಾಕಿದಳು.

"ಫೋಟೋದಾಗಿನ ಸಾಲು ನಿಮ್ಮವೇನಮ್ಮ?"

"ನಮ್ಮವ ರೀ. ಬೇಕಂದ್ರ ಹಗ್ಗ ಹಿಡದು ನೋಡ್ರಿ."

"ಎಷ್ಟು ಮಂದಿ ಅದೀರಿ?"

ಅವ್ವ ನರಸಮ್ಮತ್ತಿಯ ಮುಖ ನೋಡಿದಳು. ಅತ್ತಿ ಬೇರೆ ಕಡೆ ನೋಡುತ್ತ, "ಹನ್ನೆರಡು ಅನ್ನು, ಮತ್ತೇನು?" ಅಂದಳು.

ಆ ಹಂಗಾಮು ಮುಗಿಯುವವರೆಗೆ ದೇವದುರ್ಗದಲ್ಲೇ ಕೆಲಸ. ಒಂದು ರವಿವಾರ ನಾನೂ ಹೋಗಿದ್ದೆ. ಫೋಟೋ ಯಾರು ತೆಗೆದದ್ದು ಎಂದು ಸಾವ್ಕಾರ ಕೇಳಿದ. ಅವ್ವ ನನ್ನನ್ನು ಮುಂದೆ ನೂಕಿದಳು.

"ನನ್ನ ಮಗ ರೀ. ಇವನಿಂದ ಒಂದಿನ ಕೂಲಿನೂ ಹೋತು, ಈ ಕೆಲಸನೂ ಬಂತು."

ಅದಕ್ಕಿಂತ ದೊಡ್ಡ ಮಾತು ನನಗೆ ಇವತ್ತಿಗೂ ಯಾರೂ ಹೇಳಿಲ್ಲ.

ಎಂಟನೆಯದಕ್ಕೆ ಸಾಲಿ ಬಿಟ್ಟೆ. ಈಗ ರಾಯಚೂರಿನಲ್ಲಿ ಗೂಡ್ಸ್ ಗಾಡಿ ಓಡಿಸುತ್ತೇನೆ. ಮುಗಿಲು ಚೆನ್ನಾಗಿ ಕಂಡಲ್ಲಿ ಗಾಡಿ ನಿಲ್ಲಿಸಿ ಫೋಟೋ ತೆಗೆಯುತ್ತೇನೆ. ಬಣ್ಣ ಹೆಚ್ಚು ಮಾಡುವುದಿಲ್ಲ, ಇದ್ದದ್ದು ಇದ್ದಂತೆ. ಸಿರವಾರ, ಮಾನ್ವಿ ಕಡೆಯ ಹುಡುಗರು ಹೇಗೆ ತೆಗೆಯುವುದು ಎಂದು ನನ್ನನ್ನು ಕೇಳುತ್ತಾರೆ. ಕೆಲಸ ಬಲ್ಲೆ, ಹೇಳಿಕೊಳ್ಳಲು ನಾಚಿಕೆ ಇಲ್ಲ.

ಗುಂಪು ಈಗ ಇಲ್ಲ. ಕೆಲವು ಗದ್ದೆಗೆ ಸಸಿ ಹಚ್ಚುವ ಯಂತ್ರ ಬಂದಿದೆ, ಕೆಲವರು ಒಣ ನೆಲದಲ್ಲೇ ಕೂರಿಗೆಯಿಂದ ನೆಲ್ಲು ಬಿತ್ತುತ್ತಾರೆ. ಅವ್ವನ ನಡು ಉಳಿಯಿತು, ಅದು ಒಳ್ಳೆಯದೇ. ಹೋದ ಶ್ರಾವಣದಲ್ಲಿ ಪೋತ್ನಾಳದ ಅದೇ ಒಡ್ಡಿನ ಮೇಲೆ ನಿಂತು ತೆಗೆದೆ. ಮುಗಿಲು ಅವತ್ತಿಗಿಂತ ಕೆಂಪಾಗಿತ್ತು. ಮನೆಗೆ ಬಂದು ಅವ್ವನಿಗೆ ತೋರಿಸಿದೆ. ಅವಳು ಫೋನನ್ನು ದೂರ ಹಿಡಿದು ಬಹಳ ಹೊತ್ತು ನೋಡಿದಳು.

"ಛಲೋ ಅದ. ಇದ್ರಾಗ ಯಾರೂ ಇಲ್ಲಲ್ಲೋ."

"ಇಲ್ಲ ಬೇ," ಅಂದೆ.