ಪರದೆಯ ಮೇಲಿನ ಮುಳ್ಳುಮರ

ಕಿಲ್‌ಡ್ರೀನದಲ್ಲಿ ಮದುವೆಯ ಬಟ್ಟೆ ಆಗಲಿ ಸಾವಿನ ಬಟ್ಟೆ ಆಗಲಿ, ಹೊಲಿಯುತ್ತಿದ್ದವಳು ಹನೋರಾ ಟೂಹಿ. ಸೇತುವೆಯ ಪಕ್ಕದ ಎರಡು ಕೋಣೆಯ ಮನೆ ಅವಳದು. ಮುಂದಿನ ಕೋಣೆಯ ಕಿಟಕಿಗೆ ಒತ್ತಿಕೊಂಡು ಹೊಲಿಗೆ ಯಂತ್ರ ಕೂತಿತ್ತು. ಯಂತ್ರ ತುಳಿಯುತ್ತ ಅವಳು ಬಾಯಿಪಾಠ ಮಾಡಿದ ಹಳೆಯ ಹಾಡುಗಬ್ಬಗಳನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದಳು. ಐರಿಷ್ ಭಾಷೆಯ ಆ ಪದ್ಯಗಳನ್ನು ಅವಳಿಗೆ ಕಲಿಸಿದ್ದು ಓದುಬರಹ ಬಾರದ ಸೋದರತ್ತೆ. ಸೇತುವೆಯ ಮೇಲೆ ಹೋಗುವವರು ಒಂದು ಗಳಿಗೆ ನಿಂತು ಕೇಳಿ ಮುಂದೆ ಹೋಗುವುದು ರೂಢಿಯಾಗಿತ್ತು.

ಇಂಗ್ಲಿಷರ ಸಿಪಾಯಿಗಳು ಊರಲ್ಲಿದ್ದ ಕಾಲದಲ್ಲಿ ನಾಟಕ ಆಡುವವರು, ಹಳೆಯ ಭಾಷೆ ಕಲಿಯುವವರು, ಬಂದೂಕು ಬಚ್ಚಿಡುವವರು ಬೇರೆ ಬೇರೆ ಜನವಾಗಿರಲಿಲ್ಲ. ಎಲ್ಲರೂ ಒಂದೇ ಬೆಂಚಿನವರು. ಹನೋರಾಳ ಅಣ್ಣ ಬಾರ್ಟ್ಲಿ ಆ ಬೆಂಚಿನ ತುದಿಯಲ್ಲಿ ಕೂರುತ್ತಿದ್ದ. ಒಂದು ಚಳಿಗಾಲ ರಂಗದ ಮೇಲೆ ಅವನು ಹಳೆಯ ರಾಜನ ಪಾತ್ರ ಮಾಡಿದ. ಅದರ ಮರುವರ್ಷ ಅದೇ ಕೈಯಲ್ಲಿ ಬಂದೂಕು ಹಿಡಿದು ಗುಡ್ಡ ಹತ್ತಿದ. ಯುದ್ಧ ಮುಗಿದ ಮೇಲೆ ಬೀಜ, ಮೊಳೆ, ಸೀಮೆಎಣ್ಣೆ ಮಾರುವ ಅಂಗಡಿ ಇಟ್ಟ. ಆ ಕಾಲದ ಮಾತನ್ನು ಮಾತ್ರ ಯಾರೊಂದಿಗೂ ಎತ್ತಲಿಲ್ಲ.

ಊರೂ ಎತ್ತುತ್ತಿರಲಿಲ್ಲ. ಎತ್ತದೆ ಬಿಟ್ಟ ಮಾತುಗಳಲ್ಲಿ ದೊಡ್ಡದು ಡಿನ್ನಿ ಕನೀನ್‌ನದು. ಸಿಪಾಯಿಗಳಿಗೆ ಸುದ್ದಿ ಮುಟ್ಟಿಸಿದನೆಂದು ಸಾವಿರದ ಒಂಬೈನೂರ ಇಪ್ಪತ್ತೊಂದರ ವಸಂತದಲ್ಲಿ ಊರಿನ ಬಂದೂಕಿನವರೇ ಅವನನ್ನು ಮನೆಯಿಂದ ಕರೆದೊಯ್ದಿದ್ದರು. ಅಲ್ಲಿಂದ ಮುಂದೆ ಅವನ ಗುರುತೇ ಇಲ್ಲ. ಅವನ ತಾಯಿ ಪೆಗ್ ಪ್ರತಿ ನವೆಂಬರಿನಲ್ಲಿ ಮಗನ ಕೋಟನ್ನು ಹನೋರಾಳ ಹತ್ತಿರ ತರುತ್ತಿದ್ದಳು. ನುಸಿ ತಿಂದ ಕಡೆ ತೇಪೆ ಹಾಕಿಸಿ, ಕೋಟಿನ ಅಸ್ತರು ಹೊಸದು ಹಾಕಿಸಿಕೊಂಡು ಹೋಗುತ್ತಿದ್ದಳು.

"ಬಂದ್ರೆ ಹಾಕ್ಕೋಬೇಕಲ್ಲ ಮಗಳೇ," ಎನ್ನುತ್ತಿದ್ದಳು. ಬರುತ್ತಾನೆಂದು ಅವಳಿಗೂ ನಂಬಿಕೆ ಇರಲಿಲ್ಲ. ಆದರೆ ಗೋರಿಯಿಲ್ಲದ ಮಗನನ್ನು ಸತ್ತವನೆಂದು ಹೇಗೆ ಹೇಳುವುದು?

ಇಪ್ಪತ್ತೈದರಲ್ಲಿ ಫೀಲಿಮ್ ಲಿಲಿಸ್ ಎಂಬ ಹೊಸ ಶಾಲಾಮಾಸ್ತರ ಬಂದ. ಪಾದ್ರಿಯಾಗಲೆಂದು ಬೆಲ್ಜಿಯಮ್ಮಿಗೆ ಹೋಗಿ, ಅಲ್ಲಿ ತತ್ತ್ವಶಾಸ್ತ್ರ ಓದಿ, ಪಾದ್ರಿಯಾಗದೆ ಮರಳಿದವನು. ಸತ್ತುಹೋಗಿದ್ದ ನಾಟಕ ಸಂಘಕ್ಕೆ ಅವನು ಜೀವ ತುಂಬಿದ, ತಾನೇ ಒಂದು ನಾಟಕವನ್ನೂ ಬರೆದ. ಮಗನನ್ನು ಕಳೆದುಕೊಂಡ ತಾಯಿಯೊಬ್ಬಳು ಮನೆಮನೆಗೆ ಹೋಗಿ ಕೇಳುವ ಕತೆ. ಎಲ್ಲರೂ ಕೊಡುವ ಉತ್ತರ ಒಂದೇ: ದೇಶ ಹೇಳಿತು, ಮಾಡಿದೆವು. ಕೊನೆಗೆ ತಾಯಿ ಕೇಳುತ್ತಾಳೆ: ದೇಶಕ್ಕೆ ಕೈ ಎಲ್ಲಿದೆ? ಗುಂಡಿ ತೋಡಿದ ಕೈ ಯಾರದು?

ತಾಯಿಯ ಪಾತ್ರ ಹನೋರಾಳದು. ಮೊದಲ ಸಲ ಓದಿದ ದಿನ ಹಾಳೆ ಕೆಳಗಿಟ್ಟು ಅವಳು ಹೇಳಿದಳು: "ಮಾಸ್ತರೆ, ನೀವು ಹೊರಗಿನವರು. ಇದು ಯಾರ ಮನೆ ಕತೆ ಅಂತ ನಿಮಗೆ ಗೊತ್ತಾ?"

"ಇಂಥ ಕತೆ ಇಲ್ಲದ ಊರು ಈ ದೇಶದಲ್ಲಿ ಯಾವುದಿದೆ ಹೇಳಿ. ಎಲ್ಲರೂ ಸೇರಿ ಮಾಡಿದ ತಪ್ಪು ಒಬ್ಬನ ತಲೆಗೂ ಬರಲ್ಲ ಅನ್ನೋದಾದ್ರೆ, ಆ ತಪ್ಪು ಹೋಗೋದಾದ್ರೂ ಎಲ್ಲಿಗೆ?"

ಫಾದರ್ ಹಾರನ್ ತಾಲೀಮಿಗೆ ಬಂದು ಬಾಗಿಲಲ್ಲೇ ನಿಂತರು. "ಗಾಯ ಈಗಷ್ಟೇ ಹಕ್ಕಳೆ ಕಟ್ತಾ ಇದೆ ಮಾಸ್ತರೆ. ಯಾಕೆ ಕೆರೀತೀರಿ?"

"ಒಳಗೆ ಕೀವು ಇದ್ರೆ ಹಕ್ಕಳೆ ಕಟ್ಟಿ ಏನು ಬಂತು ಫಾದರ್?"

"ಶಾಲೆ ನನ್ನ ಕೈಲಿದೆ ಅನ್ನೋದು ನೆನಪಿರಲಿ," ಎಂದು ಫಾದರ್ ನಗುತ್ತಲೇ ಹೇಳಿ ಹೋದರು. ಆ ನಗೆ ಯಾರಿಗೂ ಹಿಡಿಸಲಿಲ್ಲ. ಮುಂದಿನ ವಾರ ಹಳ್ಳಿಯವರ ಪಾತ್ರ ಮಾಡುತ್ತಿದ್ದ ಇಬ್ಬರು, ಹಸು ಕರು ಹಾಕುತ್ತದೆಂದು ನೆಪ ಹೇಳಿ ಬಿಟ್ಟರು. ಒಂದು ಬೆಳಿಗ್ಗೆ ನೋಡಿದರೆ ಸಭಾಮಂದಿರದ ಬಾಗಿಲಿಗೆ ಒದ್ದೆ ಮಣ್ಣು ಮೆತ್ತಿತ್ತು. ಜವುಗಿನ ಕಪ್ಪು ಮಣ್ಣು.

ಹಿನ್ನೆಲೆಯ ಪರದೆಯೂ ಹನೋರಾಳ ಕೆಲಸವೇ. ಹಿಟ್ಟಿನ ಚೀಲಗಳನ್ನು ಬಿಚ್ಚಿ ಜೋಡಿಸಿ ಹೊಲಿದಳು. ಚಿಕ್ಕಂದಿನಲ್ಲಿ ಅಪ್ಪನ ಜೊತೆ ಒಲೆಯಲ್ಲಿ ಸೌದೆಯಂತೆ ಉರಿಸುವ ಮಣ್ಣಿನ ಹೆಂಟೆ ಕುಯ್ಯಲು ಹೋಗುತ್ತಿದ್ದ ಜವುಗು ಅವಳ ಕಣ್ಣಲ್ಲಿತ್ತು. ಅದನ್ನೇ ಬರೆದಳು. ಕಂದು ನೆಲ, ತಗ್ಗಿದ ಆಕಾಶ, ನಡುವೆ ಗಾಳಿಗೆ ಒಂದೇ ಕಡೆ ಬಾಗಿದ ಒಂಟಿ ಮುಳ್ಳುಮರ. ಅಂಥ ಮರ ಅಗೋಚರ ಜನರದ್ದು, ಕಿನ್ನರರದ್ದು ಎಂಬ ನಂಬಿಕೆ. ಅದರ ಸುತ್ತ ಯಾರೂ ಗುದ್ದಲಿ ಹಾಕುವುದಿಲ್ಲ.

ಬಾರ್ಟ್ಲಿ ಒಂದು ಸಂಜೆ ದೀಪಕ್ಕೆ ಸೀಮೆಎಣ್ಣೆ ತಂದುಕೊಟ್ಟ. ಹೊರಡುವವನು ಪರದೆ ನೋಡಿ ನಿಂತ.

"ನಿಂಗೆ ಯಾರು ಹೇಳಿದ್ದು?"

"ಏನನ್ನ?"

ಅವನು ಟೋಪಿಯ ಅಂಚನ್ನು ಬೆರಳುಗಳಲ್ಲಿ ತಿರುಗಿಸುತ್ತಲೇ ಇದ್ದ. "ಆ ಮರ ಅಳಿಸಿಬಿಡು ನೋನಿ," ಎಂದ. ಚಿಕ್ಕಂದಿನಿಂದ ತಂಗಿಯನ್ನು ಅವನು ಕರೆಯುವುದೇ ಹಾಗೆ.

"ಯಾಕೆ?"

"ಚೆನ್ನಾಗಿಲ್ಲ."

ಹುಟ್ಟಿದಾಗಿನಿಂದ ಬಾರ್ಟ್ಲಿ ಯಾವ ಚಿತ್ರವನ್ನೂ ಚೆನ್ನಾಗಿದೆ, ಇಲ್ಲ ಎಂದವನಲ್ಲ. ಅವನು ಹೋದ ಮೇಲೆ ಹನೋರಾ ಪರದೆಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಸೂಜಿ ಬೆರಳಿಗೆ ಹೊಕ್ಕಿದ್ದು ಆ ಕ್ಷಣಕ್ಕೆ ತಿಳಿಯುವುದಿಲ್ಲ, ಬಟ್ಟೆಯ ಮೇಲೆ ರಕ್ತ ಕಂಡಾಗ ತಿಳಿಯುತ್ತದೆ. ಅವಳಿಗೂ ಹಾಗೇ ಆಯಿತು. ಡಿನ್ನಿ ಎಲ್ಲಿದ್ದಾನೆಂದು ಅಣ್ಣನಿಗೆ ಗೊತ್ತು. ಅದು ಈಗ ತನಗೂ ಗೊತ್ತು.

ಕಂದು ಬಣ್ಣಕ್ಕೆ ಕುಂಚ ಅದ್ದಿ ಮರದ ಹತ್ತಿರ ಒಯ್ದಳು. ಅಳಿಸಿದರೆ ಅಣ್ಣ ಉಳಿಯುತ್ತಾನೆ. ಆದರೆ ಬರುವ ನವೆಂಬರಿನಲ್ಲಿ ಪೆಗ್ ಮತ್ತೆ ಕೋಟು ತರುತ್ತಾಳೆ, ತಾನು ಗೊತ್ತಿದ್ದೂ ಅದಕ್ಕೆ ತೇಪೆ ಹಾಕಬೇಕು. ಕುಂಚದಿಂದ ಬಣ್ಣ ತೊಟ್ಟಿಕ್ಕಿತು. ಅವಳು ಅದನ್ನು ತೊಳೆದು ಇಟ್ಟಳು.

ಪ್ರದರ್ಶನದ ಸಂಜೆ ಬೆಂಚುಗಳು ತುಂಬಿದವು. ನಾಟಕಕ್ಕೆ ಬಂದ ಜನ ಗದ್ದಲ ಮಾಡಬೇಕು, ಕಡಲೆಕಾಯಿ ಬಿಡಿಸಬೇಕು, ಗೊತ್ತಿದ್ದವರನ್ನು ರಂಗದ ಮೇಲೆ ಕಂಡು ಕೂಗಬೇಕು. ಅಂದು ಒಬ್ಬರೂ ಕೆಮ್ಮಲಿಲ್ಲ. ಬಾರ್ಟ್ಲಿಯೂ ಅವನ ಹಳೆಯ ಸಂಗಾತಿಗಳು ಮೂವರೂ ಹಿಂದಿನ ಗೋಡೆಗೆ ಒರಗಿ ನಿಂತಿದ್ದರು. ರಂಗದ ಮುಂದಿನ ಪರದೆ ಸರಿಯುವ ಹೊತ್ತಿಗೆ ಪೆಗ್ ಕನೀನ್ ಬಂದಳು. ಜನ ಅವಳಿಗೆ ಜಾಗ ಬಿಟ್ಟರು, ಬೇಕಾದ್ದಕ್ಕಿಂತ ಹೆಚ್ಚೇ ಬಿಟ್ಟರು. ಅವಳು ಪಕ್ಕದ ಗೋಡೆಯ ಬೆಂಚಿನಲ್ಲಿ ಕೂತಳು.

ಹನೋರಾ ನಾಟಕದ ಕೊನೆಯ ಪ್ರಶ್ನೆ ಕೇಳಿದಾಗ ಅವಳ ದನಿ ಅವಳಿಗೇ ಅಪರಿಚಿತವಾಗಿತ್ತು. ಗುಂಡಿ ತೋಡಿದ ಕೈ ಯಾರದು? ಸಭೆಯಿಂದ ಚಪ್ಪಾಳೆಯೂ ಬರಲಿಲ್ಲ, ಬೈಗುಳವೂ ಬರಲಿಲ್ಲ. ಜನ ಎದ್ದು, ಚರ್ಚಿನ ಪೂಜೆಗೆ ಹೊತ್ತಾದವರಂತೆ ತಲೆ ತಗ್ಗಿಸಿ ಹೊರಟರು.

ಪೆಗ್ ಮಾತ್ರ ಮೆಟ್ಟಿಲು ಹತ್ತಿ ರಂಗಕ್ಕೆ ಬಂದಳು. ಬಣ್ಣದ ಮರವನ್ನು ಅಂಗೈಯಿಂದ ಮುಟ್ಟಿದಳು.

"ಇದು ಕೆರೆ ಆಚೆ ಜವುಗಿನ ಮುಳ್ಳುಮರ ಅಲ್ವಾ ಮಗಳೇ?"

"ಹೌದು, ಮಿಸೆಸ್ ಕನೀನ್."

"ನಾನು ನಾಟಕ ನೋಡ್ಲಿಲ್ಲ. ಗಂಡಸರ ಮುಖ ನೋಡ್ತಾ ಕೂತಿದ್ದೆ. ಎಲ್ರೂ ಈ ಪರದೆ ನೋಡ್ತಿದ್ರು. ನಾಲ್ಕು ಜನ ಮಾತ್ರ ತಮ್ಮ ಬೂಟು ನೋಡ್ಕೊಳ್ತಾ ಇದ್ರು."

ಮರುದಿನ ಭಾನುವಾರ. ಪೂಜೆ ಮುಗಿಸಿ ಹೊರಬಂದ ಜನ ಕಂಡದ್ದು, ಪೆಗ್ ಹೆಗಲ ಮೇಲೆ ಗುದ್ದಲಿ ಇಟ್ಟುಕೊಂಡು ಜವುಗಿನ ದಾರಿ ಹಿಡಿದದ್ದನ್ನು. ಹನೋರಾ ಪೂಜೆಯ ಬಟ್ಟೆಯಲ್ಲೇ ಅವಳ ಹಿಂದೆ ನಡೆದಳು. ಉಳಿದವರು ರಸ್ತೆಯ ಅಂಚಿನಲ್ಲಿ ಸಾಲಾಗಿ ನಿಂತರು, ಒಬ್ಬರೂ ಕೆಳಗಿಳಿಯಲಿಲ್ಲ. ಹೆಂಗಸರಿಬ್ಬರೂ ಸರದಿಯ ಮೇಲೆ ಅಗೆದರು. ಗುಂಡಿಗೆ ನೀರು ಒಸರಿ ತುಂಬಿಕೊಳ್ಳುತ್ತಿತ್ತು, ಮತ್ತೆ ಅಗೆಯುತ್ತಿದ್ದರು.

ರಸ್ತೆಯ ಮೇಲಿನ ಸಾಲು ಒಂದು ಕಡೆ ಒಡೆಯಿತು. ಬಾರ್ಟ್ಲಿ ಇಳಿದು ಬರುತ್ತಿದ್ದ. ಹಿಂದಿನಿಂದ ಯಾರೋ ಅವನ ಹೆಸರು ಹಿಡಿದು ಕೂಗಿದರು, ಒಂದೇ ಸಲ. ಅವನು ತಿರುಗಲಿಲ್ಲ.

"ಅಲ್ಲಲ್ಲ," ಎಂದು ಪೆಗ್‌ಳ ಕೈಯಿಂದ ಗುದ್ದಲಿ ತೆಗೆದುಕೊಂಡ. "ಮರದ ಈ ಮಗ್ಗುಲಿಗೆ."

ಜವುಗು ತಾನು ನುಂಗಿದ್ದನ್ನು ಕೊಳೆಯಲು ಬಿಡುವುದಿಲ್ಲ. ಡಿನ್ನಿಯ ಮುಖ ತೊಗಲಿನಂತೆ ಕಪ್ಪಾಗಿತ್ತು, ಆದರೆ ಅದು ಡಿನ್ನಿಯ ಮುಖವೇ. ತಾಯಿ ಸೆರಗಿನಂತೆ ಹೊದ್ದಿದ್ದ ಶಾಲಿನಿಂದ ಅವನ ಹುಬ್ಬಿನ ಮಣ್ಣು ಒರೆಸಿದಳು.

"ಇವನು ಸುದ್ದಿ ಕೊಟ್ಟಿದ್ನಾ?" ಎಂದು ತಲೆ ಎತ್ತದೆ ಕೇಳಿದಳು.

"ಆಗ ಹಾಗಂತ ಹೇಳಿದ್ರು," ಎಂದ ಬಾರ್ಟ್ಲಿ.

"ಈಗ?"

"ಗೊತ್ತಿಲ್ಲ, ಮಿಸೆಸ್ ಕನೀನ್."

"ಗೊತ್ತಿಲ್ಲದೇನೇ ಮಾಡಿದ್ರಿ," ಎಂದಳು ಪೆಗ್. ಅದು ಪ್ರಶ್ನೆಯಾಗಿರಲಿಲ್ಲ.

ಡಿನ್ನಿಗೆ ಚರ್ಚಿನ ಮಣ್ಣು ಸಿಕ್ಕಿತು. ಆ ವಾರದಿಂದಲೇ ಬಾರ್ಟ್ಲಿಯ ಅಂಗಡಿಗೆ ಗಿರಾಕಿ ಬರುವುದು ನಿಂತಿತು. ಹನೋರಾಳ ಕಿಟಕಿಯ ಮುಂದೆ ಸೇತುವೆಯ ಮೇಲೆ ಯಾರೂ ನಿಲ್ಲುತ್ತಿರಲಿಲ್ಲ. ನಿಂತವರೆಂದರೆ ಬಾರ್ಟ್ಲಿಯ ಹಳೆಯ ಸಂಗಾತಿಗಳು ಆ ಮೂವರು ಮಾತ್ರ. ಕಟ್ಟೆಗೆ ಒರಗಿ ಪೈಪು ಸೇದುತ್ತ, ಅವಳು ಲಾಟೀನು ಹಚ್ಚುವವರೆಗೆ ಇದ್ದು, ಆಮೇಲೆ ಹೋಗುತ್ತಿದ್ದರು. ಕ್ರಿಸ್‌ಮಸ್ ಆದ ಮೇಲೆ ಶಾಲೆಗೆ ಬರಬೇಡಿ ಎಂದು ಫಾದರ್ ಹಾರನ್ ಮಾಸ್ತರನಿಗೆ ಹೇಳಿಕಳಿಸಿದರು. ಹೊರಡುವ ದಿನ ಅವನು ಹನೋರಾಳ ಮನೆಗೆ ಬಂದು ಚಹಾ ಕುಡಿದು ಎದ್ದುಹೋದ.

ಹನೋರಾ ಅಣ್ಣನ ಬೆನ್ನು ಬಿದ್ದಳು. "ಲಿವರ್‌ಪೂಲಿಗೆ ಹೋಗಿಬಿಡು ಬಾರ್ಟ್ಲಿ. ಯಂತ್ರ ಮಾರಿ ನಿನ್ನ ಖರ್ಚಿಗೆ ಕೊಡ್ತೀನಿ."

"ನಾಲ್ಕು ಜನ ಜಪಮಾಲೆ ಮುಟ್ಟಿ ಆಣೆ ಮಾಡಿದ್ವಿ, ಬಾಯಿ ಬಿಡಲ್ಲ ಅಂತ. ಆಣೆ ಮುರಿದವನು ನಾನು."

"ಅದಕ್ಕೇ ಹೇಳ್ತಿರೋದು, ಹೋಗು ಅಂತ!"

"ಹೋಗ್ತೀನಿ ಅಂತ ಡಿನ್ನಿನೂ ಕೇಳಿದ್ದ ನೋನಿ. ಬಿಟ್ವಾ ನಾವು?"

ಫೆಬ್ರವರಿಯಲ್ಲಿ ಅವನ ದೋಣಿ ಕೆರೆಯ ಮೇಲೆ ಮಗುಚಿ ತೇಲುತ್ತಿತ್ತು. ಗಾಳಿ ಅಷ್ಟು ಜೋರಿದ್ದ ದಿನ ಬಾರ್ಟ್ಲಿ ಎಂದೂ ನೀರಿಗೆ ಇಳಿದವನಲ್ಲ. ದೇಹ ಜೊಂಡಿನಲ್ಲಿ ಸಿಕ್ಕಿತು. ವಿಚಾರಣೆ ನಡೆಸಿದವರು ಆಕಸ್ಮಿಕ ಸಾವು ಎಂದು ತೀರ್ಪು ಕೊಟ್ಟರು. ಆ ಮೂವರಲ್ಲಿ ಒಬ್ಬ ಶವಪೆಟ್ಟಿಗೆಗೆ ಹೆಗಲೂ ಕೊಟ್ಟ. ಹನೋರಾ ಅವನ ಕೈಗಳನ್ನೇ ನೋಡುತ್ತ ನಡೆದಳು. ಆ ಮರ ಅಳಿಸಿದ್ದರೆ ಎಂಬ ಯೋಚನೆ ಆ ದಿನ ಬಂತು, ಮುಂದೆ ಅವಳು ಬದುಕಿದಷ್ಟು ಕಾಲವೂ ಬರುತ್ತಿತ್ತು. ಅಳಿಸಬೇಕಿತ್ತು ಎಂದು ಮಾತ್ರ ಅವಳಿಗೆ ಒಮ್ಮೆಯೂ ಅನ್ನಿಸಲಿಲ್ಲ. ಅದೇ ಅವಳನ್ನು ಹೆಚ್ಚು ಹೆದರಿಸುತ್ತಿತ್ತು.

ಮಣ್ಣಾದ ಮೇಲಿನ ಭಾನುವಾರ ಅವಳು ಒಬ್ಬಳೇ ಚರ್ಚಿಗೆ ಹೋಗಿ ಟೂಹಿಗಳ ಬೆಂಚಿನಲ್ಲಿ ಕೂತಳು. ಪಕ್ಕದಲ್ಲಿ ಯಾರೂ ಕೂರಲಿಲ್ಲ. ಗಂಟೆ ಬಾರಿಸುವ ಮೊದಲು ನಡುಹಾದಿಯಲ್ಲಿ ನಿಧಾನವಾದ ಹೆಜ್ಜೆ ಕೇಳಿಸಿತು. ಪೆಗ್ ಕನೀನ್ ಬಂದು, ಬಾಗಿ, ಶಿಲುಬೆಯ ಗುರುತು ಹಾಕಿಕೊಂಡು, "ಸ್ವಲ್ಪ ಆಚೆ ಸರಿ ಮಗಳೇ," ಎಂದಳು.

ಹನೋರಾ ಸರಿದಳು. ಹಿಂದಿನ ಸಾಲಿನಲ್ಲಿ ಗಂಡಸೊಬ್ಬ ಗಂಟಲು ಸರಿಪಡಿಸಿಕೊಂಡ. ಯಾರೆಂದು ಇಬ್ಬರೂ ತಿರುಗಿ ನೋಡಲಿಲ್ಲ.