ನಾಲ್ಕು ಬಲ್ಬಿನ ಲೆಕ್ಕ

ಸವಣೂರಿನ ನಮ್ಮ ಮನೆಗೆ ನಡುವೆ ಒಂದು ಗೋಡೆ ಎಬ್ಬಿಸಿ ಎರಡು ಸಂಸಾರ ಮಾಡಿದ್ದೆವು. ಆಚೆ ಮೈದುನ ಮತ್ತು ಅವನ ಹೆಂಡತಿ, ಅಂದರೆ ನನ್ನ ನೆಗೆಣ್ಣಿ; ಈಚೆ ನಾನು ಮತ್ತು ನನ್ನ ಗಂಡ. ಒಲೆ ಬೇರೆಯಾದರೂ ಮೀಟರು ಒಂದೇ, ಫ್ಯೂಸೂ ಒಂದೇ. ನಾನು ಬಂಕಾಪುರದ ಹೈಸ್ಕೂಲೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ನೆಗೆಣ್ಣಿ ತನ್ನ ಪಡಸಾಲೆಯಲ್ಲಿ ಕಾಲಿನಿಂದ ತುಳಿಯುವ ಮಷಿನ್ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತಿದ್ದಳು. ದಾರದ ಬಣ್ಣ ಸರಿಯಾಗಿ ಕಾಣಲೆಂದು ಅರವತ್ತು ವ್ಯಾಟಿನ ಹಳೆಯ ಗಾಜಿನ ಬಲ್ಬುಗಳನ್ನು ನಾಲ್ಕು ಹಾಕಿಸಿದಳು. ಆ ತಿಂಗಳಿಂದಲೇ ಬೆಳಿಗ್ಗೆ ಫ್ಯೂಸ್ ಹೋಗತೊಡಗಿತು.

ಅವತ್ತು ಬಸ್ಸಿಗೆ ಹೊತ್ತಾಗಿತ್ತು. ಸೀರೆಯ ಅರ್ಧಕ್ಕೆ ಇಸ್ತ್ರಿ ತಣ್ಣಗಾಯಿತು. ಚಪಾತಿ ಮಣೆಯ ಮೇಲಿದ್ದ ಲಟ್ಟಣಿಗೆ ಎತ್ತಿಕೊಂಡೇ ಆಚೆ ನುಗ್ಗಿದೆ.

"ಎಷ್ಟ್ ಸಲ ಹೇಳೂದಬೇ ನಿನಗ? ನಿನ್ನ ಬಲ್ಬ್‌ನಿಂದನ ಫ್ಯೂಸ್ ಹೊಂಟೈತಿ!"

"ನಿಮ್ಮ ಕಡಿ ಏನ್ ಹಚ್ಚೀರಿ ನೋಡ್ಕೋರಿ ಅಕ್ಕಾರ," ಎಂದಳು, ಬಟ್ಟೆಯಿಂದ ಕಣ್ಣೆತ್ತದೆ.

ನಾನು ಮೊದಲನೇ ಬಲ್ಬಿಗೆ ಬೀಸಿದೆ. ಗಾಜು ಅವಳ ತಲೆಯ ಮೇಲೆ ಉದುರಿತು. ಎರಡನೆಯದು, ಮೂರನೆಯದು. ನಾಲ್ಕನೆಯದಕ್ಕೆ ಅವಳು ಅಡ್ಡ ಬಂದು ಬಲಗೈ ಎತ್ತಿದಳು. ಲಟ್ಟಣಿಗೆ ಮಣಿಕಟ್ಟಿನ ಮೇಲೆ ಬಿತ್ತು. ಹಸಿ ಕಟ್ಟಿಗೆ ಮುರಿದಂಥ ಸದ್ದು. ಅಷ್ಟಕ್ಕೆ ನಿಲ್ಲಿಸಬಹುದಿತ್ತು, ನಿಲ್ಲಿಸಲಿಲ್ಲ. ಹೆಗಲಿಗೆ ಇನ್ನೊಂದು ಹೊಡೆದೆ. ಹೊಡೆಯುವಾಗ ನನಗೆ ಹಿತವಾಗಿತ್ತು ಎಂಬುದನ್ನು ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ಅವಳು ಎಡಗೈಯಿಂದ ಕತ್ತರಿ ಬೀಸಿದಳು. ನನ್ನ ಅಂಗೈ ಉದ್ದಕ್ಕೂ ಸೀಳಿತು. ಹೊಲಿಯಬೇಕಿದ್ದ ಹಳದಿ ಬಟ್ಟೆಯ ಮೇಲೆ ಇಬ್ಬರೂ ಬಿದ್ದು ಹೊರಳಾಡುತ್ತಿದ್ದಾಗ ಗಂಡಸರು ಬಂದು ಬಿಡಿಸಿದರು.

ದವಾಖಾನೆಯಲ್ಲಿ ಅವಳ ಕೈಗೆ ಪ್ಲಾಸ್ಟರ್, ನನ್ನ ಅಂಗೈಗೆ ಒಂಬತ್ತು ಹೊಲಿಗೆ. ಏನಾಯಿತೆಂದು ಡಾಕ್ಟರ್ ಕೇಳಿದಾಗ ಮನೆಯವರೆಲ್ಲ ಸುಳ್ಳು ಹೇಳಿದೆವು.

ವಾರದ ನಂತರ ಶಾಲೆಗೆ ಹೋದೆ. ವಿದ್ಯುತ್ತಿನ ಪಾಠ ನಡೆದಿತ್ತು. ಪ್ರತಿವರ್ಷದ ರೂಢಿಯಂತೆ ಬೋರ್ಡಿನ ಮೇಲೆ ಲೆಕ್ಕ ಬರೆದೆ: ಮನೆಯೊಂದರಲ್ಲಿ ಅರವತ್ತು ವ್ಯಾಟಿನ ನಾಲ್ಕು ಬಲ್ಬುಗಳಿವೆ, ವೋಲ್ಟೇಜ್ ಇನ್ನೂರ ಮೂವತ್ತು, ಹರಿಯುವ ಕರೆಂಟ್ ಎಷ್ಟು? ಬರೆದ ಮೇಲೆಯೇ ಅದು ಯಾರ ಮನೆಯೆಂದು ಹೊಳೆಯಿತು. ಇನ್ನೂರ ನಲವತ್ತನ್ನು ಇನ್ನೂರ ಮೂವತ್ತರಿಂದ ಭಾಗಿಸಿ ಮಕ್ಕಳು ಒಟ್ಟಿಗೆ ಕೂಗಿದರು: ಒಂದು ಆಂಪಿಯರ್, ಮೇಲೆ ಚೂರು.

ಉಳಿದದ್ದನ್ನು ಸ್ಟಾಫ್ ರೂಮಿನಲ್ಲಿ ಒಬ್ಬಳೇ ಕೂತು ಮಾಡಿದೆ. ಬಲ್ಬು ಬಂದ ತಿಂಗಳೇ ನಾನು ನೀರು ಕಾಯಿಸಲು ಹೊಸ ಕಾಯಿಲ್ ತಂದಿದ್ದೆ, ಸಾವಿರದ ಐನೂರು ವ್ಯಾಟಿನದು. ಅದಕ್ಕೆ ಆರೂವರೆ ಆಂಪಿಯರ್. ಜೊತೆಗೇ ಹಚ್ಚುತ್ತಿದ್ದ ಇಸ್ತ್ರಿಗೆ ಮೂರಕ್ಕೂ ಹೆಚ್ಚು. ನಮ್ಮ ಫ್ಯೂಸಿನ ತಂತಿ ಐದು ಆಂಪಿಯರಿನದು.

ಸಂಜೆ ಆಚೆ ಹೋದೆ. ಅವಳು ಪ್ಲಾಸ್ಟರಿನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

"ನಿನ್ನ ಬಲ್ಬ್ ನಾಕೂ ಸೇರಿ ಒಂದ ಆಂಪಿಯರ್. ನಂದ ಹತ್ತರ ಹತ್ರ ಆಕ್ಕೈತಿ. ತಪ್ಪ್ ನಂದು," ಎಂದೆ.

"ಈ ಲೆಕ್ಕಾ ನೀವು ಸಾಲ್ಯಾಗ ಕಲಸ್ತೀರಲ್ಲ?"

"ಹೂಂ."

"ಹಂಗಾರ ಹೊಡಿಯೂ ಮುಂದ ಗೊತ್ತಿರಲಿಲ್ಲೇನ್ರಿ?"

"ಗೊತ್ತಿತ್ತು. ಮಾಡಿ ನೋಡ್ಲಿಲ್ಲ."

ಎದ್ದು ಎಡಗೈಯಿಂದ ಕಪಾಳಕ್ಕೆ ಬಾರಿಸಿದಳು. ಕಿವಿ ಗುಂಯ್ ಎಂದಿತು. ಎರಡನೇ ಏಟಿಗೆ ತುಟಿ ಒಡೆಯಿತು. ಓಡಿಬಂದ ನನ್ನ ಗಂಡನಿಗೆ, "ನೀವು ನಡುವ ಬರಬ್ಯಾಡ್ರಿ," ಎಂದೆ. ಅವಳು ನನ್ನ ಕೂದಲು ಹಿಡಿದು ಜಗ್ಗಾಡಿದಳು. ತನ್ನ ಮುರಿದ ಕೈಯೇ ಉಳುಕಿ ಚೀರಿ ಕೆಳಗೆ ಕೂತಳು. ನಾನೂ ಅಲ್ಲೇ ಕೂತೆ, ಮುಟ್ಟುವ ಧೈರ್ಯವಾಗಲಿಲ್ಲ.

ಈಗ ಮೀಟರು ಎರಡಾಗಿವೆ. ಅವಳ ಮಣಿಕಟ್ಟು ಸ್ವಲ್ಪ ಸೊಟ್ಟಗೇ ಕೂಡಿಕೊಂಡಿತು; ಬಟ್ಟೆ ಕತ್ತರಿಸಲು ಇಡೀ ಹೆಗಲು ತಿರುಗಿಸಬೇಕು. ಬೀಗರು ನೆಂಟರು ಬಂದಾಗ "ಅಕ್ಕಾರ" ಎನ್ನುತ್ತಾಳೆ. ಯಾರೂ ಇಲ್ಲದಾಗ ನಾನು ಮಾತಾಡಿಸಿದರೆ, ಮಷಿನ್ ತುಳಿಯುವುದನ್ನು ಜೋರು ಮಾಡುತ್ತಾಳೆ.